ಕಥಾಸಂವಿಧಾನವೂ ನಮ್ಮ ಸೀಮೆಯ ಗ್ರಂಥಕರ್ತರೂ

ಕಾದಂಬರಿಯನ್ನು ಬರೆಯಲು ತೊಡಗುವವನು ಕಥೆಯನ್ನೆಲ್ಲ ಮೊದಲೇ ಗೊತ್ತುಮಾಡಿಕೊಂಡು ಲೇಖನಿಯನ್ನು ಹಿಡಿಯಬೇಕೋ, ಅಥವಾ ಬರೆಯುತ್ತ ಬರೆಯುತ್ತ ಕಥೆಯೇ ತನ್ನ ದಾರಿಯನ್ನು ಕಂಡುಕೊಳ್ಳುವಂತೆ ಬಿಡಬೇಕೋ ಎಂಬ ಪ್ರಶ್ನೆಯು ಸಾಹಿತ್ಯಾಸಕ್ತರಲ್ಲಿ ಆಗಾಗ ಹುಟ್ಟುವುದುಂಟು. ಇದಕ್ಕೆ ಹೊರನಾಡುಗಳ ಗ್ರಂಥಗಳಿಂದ ಉತ್ತರವನ್ನು ತರುವವರು ಬಹುಮಂದಿ. ನಮ್ಮ ಉಡುಪಿ ಕಾರ್ಕಳಗಳ ಸೀಮೆಯಲ್ಲಿಯೇ ಕಥೆ ಕಟ್ಟಿದ ಹಿರಿಯರು ಏನು ಮಾಡಿದರೆಂಬುದನ್ನು ನೋಡಿದರೆ ಉತ್ತರವು ಇಲ್ಲಿಯೇ ದೊರೆಯುವುದೆಂದು ನನ್ನ ಅಭಿಪ್ರಾಯ.

ಈ ವಿಷಯವನ್ನೆತ್ತಿಕೊಳ್ಳಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುವೆನು. ಹಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು ಚಾವಡಿಯಲ್ಲಿ ಕುಳಿತು, “ಮಾಷ್ಟ್ರೇ, ನಮ್ಮ ಅಜ್ಜಿ ಹೇಳುವ ಸಂಗತಿಗಳನ್ನೆಲ್ಲ ಸೇರಿಸಿ ಒಂದು ಕಾದಂಬರಿ ಬರೆಯಬೇಕೆಂದಿದ್ದೇನೆ. ಹೇಗೆ ಆರಂಭಿಸುವುದು?” ಎಂದು ಕೇಳಿದನು. ಅವನ ಅಜ್ಜಿಯು ಕಾಪುವಿನ ಕಡಲ ಕರೆಯಲ್ಲಿ ಬಾಳಿದವಳು. ಒಂದು ಮನೆತನದ ಏಳುಬೀಳುಗಳನ್ನೆಲ್ಲ ಕಣ್ಣಾರೆ ಕಂಡವಳು. ನಾನು ಪಾಠಶಾಲೆಯಲ್ಲಿ ಕಲಿತ ವಿದ್ಯೆಯ ಅಭಿಮಾನದಿಂದ ಅವನಿಗೆ ಐದು ಸಂಧಿಗಳನ್ನೂ ಐದು ಅವಸ್ಥೆಗಳನ್ನೂ 64 ಸಂಧ್ಯಂಗಗಳನ್ನೂ ಬೋಧಿಸಿ, “ಇವುಗಳಿಗೆ ಸರಿಯಾಗಿ ಪಟ್ಟಿ ಮಾಡಿಕೋ, ಪಟ್ಟಿ ಮುಗಿಯುವ ತನಕ ಒಂದು ವಾಕ್ಯವನ್ನೂ ಬರೆಯಬೇಡ” ಎಂದೆನು. ಗುರುವಾಕ್ಯವೆಂದು ಅವನು ಹಾಗೆಯೇ ಮಾಡಿದನು. ಇತ್ತೀಚೆಗೆ ಬಂದು ಎರಡು ದಪ್ಪ ಪುಸ್ತಕಗಳನ್ನು ನನ್ನ ಮುಂದಿಟ್ಟು, “ಇದರಲ್ಲಿ ಎಲ್ಲ ಉಂಟು ಮಾಷ್ಟ್ರೇ, ಕಥೆ ಮಾತ್ರ ಇಲ್ಲ” ಎಂದನು. ಅಷ್ಟರಲ್ಲಿ ಅಜ್ಜಿಯು ತೀರಿಕೊಂಡಿದ್ದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಶಾಸ್ತ್ರವು ತಪ್ಪಿತೋ, ನಾನು ಹೇಳಿಕೊಟ್ಟ ಬಗೆಯು ತಪ್ಪಿತೋ ಎಂಬುದನ್ನು ಅಂದಿನಿಂದ ವಿಚಾರಿಸುತ್ತಿರುವೆನು.

ಮೊದಲು ಶಾಸ್ತ್ರವನ್ನು ನೋಡೋಣ. 10ನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನು ತನ್ನ ದಶರೂಪಕದಲ್ಲಿ, ಭರತಮುನಿಯನ್ನನುಸರಿಸಿ, ಕಥಾವಸ್ತುವಿಗೆ ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯಗಳೆಂಬ ಐದು ಅರ್ಥಪ್ರಕೃತಿಗಳನ್ನೂ, ಮುಖದಿಂದ ನಿರ್ವಹಣದವರೆಗಿನ ಐದು ಸಂಧಿಗಳನ್ನೂ ವಿವರಿಸಿರುವನು. ಇವುಗಳಲ್ಲಿ ಬಿಂದುವೆಂಬುದು ವಿಶೇಷವಾಗಿ ಗಮನಿಸತಕ್ಕದ್ದು. ನಡುವೆ ಬರುವ ಬೇರೆ ಸಂಗತಿಗಳಿಂದ ಕಥೆಯ ಎಳೆಯು ಕಡಿದುಹೋದಾಗ ಅದನ್ನು ಮತ್ತೆ ಕೂಡಿಸುವುದೇ ಬಿಂದುವಿನ ಕೆಲಸ. ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಅದು ಕಥೆಯ ತುಂಬ ಹರಡಿಕೊಂಡಿರುವುದು. ಆದುದರಿಂದ ಶಾಸ್ತ್ರವು ಕೇಳುವುದು ಘಟನೆಗಳ ಪಟ್ಟಿಯನ್ನಲ್ಲ. ಬಿತ್ತಿದ್ದು ಯಾವುದು, ಬೆಳೆಯು ಯಾವುದು, ನಡುವೆ ಎಳೆಯನ್ನು ಹಿಡಿದಿರುವುದು ಯಾವುದು ಎಂಬುದನ್ನು.

ಇದಕ್ಕಿಂತ ಮೊದಲೇ, 9ನೆಯ ಶತಮಾನದಲ್ಲಿ, ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಇನ್ನೂ ನಿಷ್ಠುರವಾದ ಮಾತನ್ನಾಡಿರುವನು. ಸಂಧಿಗಳನ್ನೂ ಅಂಗಗಳನ್ನೂ ರಸಕ್ಕೆ ಒಪ್ಪುವಂತೆ ಜೋಡಿಸಬೇಕೇ ಹೊರತು ಶಾಸ್ತ್ರದ ನಿಯಮವನ್ನು ಪೂರೈಸುವುದಕ್ಕಾಗಿ ಜೋಡಿಸಕೂಡದೆಂಬುದು ಅವನ ಮತ. ವೇಣೀಸಂಹಾರ ನಾಟಕದಲ್ಲಿ ವಿಲಾಸವೆಂಬ ಅಂಗವನ್ನು ನಿಯಮಕ್ಕಾಗಿ ತುರುಕಿದ್ದನ್ನು ಅವನು ಹೆಸರು ಹಿಡಿದು ಆಕ್ಷೇಪಿಸಿರುವನು. ಪ್ರಸಿದ್ಧವಾದ ಇತಿವೃತ್ತವನ್ನು ಎತ್ತಿಕೊಂಡಾಗಲೂ ರಸಕ್ಕೆ ಹೊಂದದ ಭಾಗವನ್ನು ಬಿಟ್ಟು ಬೇರೆ ಕಥೆಯನ್ನು ಕಲ್ಪಿಸಲು ಕವಿಗೆ ಅಧಿಕಾರವುಂಟೆಂದೂ ಹೇಳಿರುವನು. ನಾನು ವಿದ್ಯಾರ್ಥಿಗೆ ಧನಂಜಯನ ಪಟ್ಟಿಯನ್ನು ಕಲಿಸಿದೆನು. ಆನಂದವರ್ಧನನ ಎಚ್ಚರಿಕೆಯನ್ನು ಕಲಿಸಲಿಲ್ಲ. ತಪ್ಪಿದ್ದು ಅಲ್ಲಿಯೇ.

ಈಗ ನಮ್ಮ ಸೀಮೆಗೆ ಬರೋಣ. ಕಾರ್ಕಳದ ಗುಡ್ಡೆಯ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿಯ ಏಕಶಿಲಾಮೂರ್ತಿಯನ್ನು ಕಾಣದವರಾರು? ಸುಮಾರು 42 ಅಡಿ ಎತ್ತರದ ಆ ಶಿಲೆಯಲ್ಲಿ ಶಿಲ್ಪಿಯು ಮೊದಲೇ ಅಳತೆಗಳನ್ನೆಲ್ಲ ನಿಶ್ಚಯಿಸಬೇಕಾಗಿತ್ತು. ಉಳಿಯು ಒಮ್ಮೆ ತೆಗೆದುದನ್ನು ಮತ್ತೆ ಅಂಟಿಸಲಾಗದು. ಆದರೆ ಅದೇ ಬಾಹುಬಲಿಯ ಕಥೆಯನ್ನು ಮುಂದಿನ ಶತಮಾನದಲ್ಲಿ ಎತ್ತಿಕೊಂಡ ಮೂಡಬಿದಿರೆಯ ರತ್ನಾಕರವರ್ಣಿಗೆ ಆ ಬಂಧನವಿರಲಿಲ್ಲ. ಅವನ ಭರತೇಶವೈಭವವು ಸುಮಾರು 10000 ಸಾಂಗತ್ಯ ಪದ್ಯಗಳ ಮಹಾಗ್ರಂಥ. ಅದನ್ನು ಭೋಗ, ದಿಕ್ಕು, ಯೋಗ, ಮೋಕ್ಷ, ಅರ್ಕಕೀರ್ತಿ ಎಂಬ ಹೆಸರುಗಳ ಐದು ವಿಜಯಗಳಾಗಿ ವಿಭಾಗಿಸಿರುವನು. ಈ ಹೆಸರುಗಳೇ ಗ್ರಂಥದ ಸಂವಿಧಾನವನ್ನು ಹೇಳಿಬಿಡುವುವು. ಭೋಗದ ನಡುವೆಯೂ ಯೋಗಿಯಾದ ಭರತನು ಇವನ ನಾಯಕ. ಅಂತಹ ನಾಯಕನು ತಮ್ಮನ ಮೇಲೆ ಕೈಯೆತ್ತುವುದು ಒಪ್ಪಲಾರದೆಂದು, ಪೂರ್ವಪುರಾಣದಲ್ಲಿದ್ದ ಅಣ್ಣತಮ್ಮಂದಿರ ಯುದ್ಧವನ್ನು ಬಿಟ್ಟು, ಭರತನು ಮೃದುವಾದ ಮಾತಿನಿಂದಲೇ ಬಾಹುಬಲಿಯನ್ನು ಗೆಲ್ಲುವಂತೆ ಮಾಡಿರುವನು. ವಿಭಾಗಗಳು ಸ್ಥಿರ, ಒಳಗಿನ ಘಟನೆಯು ರಸಾಧೀನ ಎಂಬ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ನಮ್ಮಲ್ಲಿ ಈ ನ್ಯಾಯವನ್ನು ಜನಸಾಮಾನ್ಯರಿಗೂ ಕಲಿಸಿದ್ದು ಯಕ್ಷಗಾನ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು ಮಾತ್ರ. ಭಾಗವತರು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಆ ರಾತ್ರಿ, ಆ ಸಭೆಯಲ್ಲಿ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟತಕ್ಕದ್ದು. ಆದರೂ ಅರ್ಥಧಾರಿಯು ಎಷ್ಟು ದೂರ ಹೋದರೂ ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ಪ್ರಸಂಗವು ಇಲ್ಲದಿದ್ದರೆ ಮಾತು ಕಾಡುಪಾಲು. ಅರ್ಥವು ಇಲ್ಲದಿದ್ದರೆ ಪ್ರಸಂಗವು ಒಣ ಪುಸ್ತಕ. ತಾಳಮದ್ದಳೆಯ ಕೂಟದಲ್ಲಿ ರಾತ್ರಿಯೆಲ್ಲ ಕುಳಿತೆದ್ದ ನಾನು ಇದನ್ನು ಕಂಡೂ ಕಾಣದವನಾಗಿದ್ದೆನು.

ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು, ಎಂದರೆ ನಮ್ಮೆಲ್ಲರ ಮುದ್ದಣನು, ಮೊದಲು ಬರೆದುದು ರತ್ನಾವತೀ ಕಲ್ಯಾಣ, ಕುಮಾರವಿಜಯಗಳೆಂಬ ಯಕ್ಷಗಾನ ಪ್ರಸಂಗಗಳನ್ನೇ ಎಂಬುದು ಇಲ್ಲಿ ಸ್ಮರಣೀಯ. ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, ಕ್ಷಯರೋಗದಿಂದ 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿಯೇ ತೀರಿಕೊಂಡ ಈ ಪುಣ್ಯಾತ್ಮನು ತನ್ನ ಹೆಸರನ್ನು ಮರೆಸಿ, ಗ್ರಂಥಗಳು ಪ್ರಾಚೀನವೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚುಹಾಕಿಸಿದ ಸಂಗತಿಯನ್ನು ವಾಚಕರು ಬಲ್ಲರು.

ಅವನ ಶ್ರೀರಾಮಾಶ್ವಮೇಧದ ಸಂವಿಧಾನವನ್ನು ನೋಡಿರಿ. ಮೂಲವು ಪದ್ಮಪುರಾಣದ ಪಾತಾಳಖಂಡ. ಯಜ್ಞದ ಕುದುರೆಯು ಅಯೋಧ್ಯೆಯಿಂದ ಹೊರಡುವುದು. ಶತ್ರುಘ್ನನು ಕಾವಲಾಗಿ ಹೋಗುವನು. ಒಂದೊಂದು ರಾಜ್ಯದಲ್ಲಿ ಒಬ್ಬೊಬ್ಬ ಅರಸನು ಕುದುರೆಯನ್ನು ಕಟ್ಟುವನು, ಕಾದುವನು. ಸುಬಾಹು, ವೀರಮಣಿ, ಸುರಥ ಎಂದು ಯುದ್ಧದ ಮೇಲೆ ಯುದ್ಧವು ಬರುವುದು. ಕಡೆಗೆ ಕುಶಲವರ ಪ್ರಸಂಗ. ಇಂತಹ ಕಥೆಗೆ ಎರಡು ಅಪಾಯಗಳುಂಟು: ಎಳೆ ಕಡಿಯುವುದು ಒಂದು, ಬೇಸರ ಹುಟ್ಟುವುದು ಇನ್ನೊಂದು. ಎಳೆಯನ್ನು ಹಿಡಿದಿರುವುದು ಕುದುರೆ. ಅದು ಹೊರಟಿದೆ, ತಿರುಗಿ ಬರಲೇಬೇಕು. ಆದುದರಿಂದ ನಡುವೆ ಎಷ್ಟು ಉಪಕಥೆಗಳು ಬಂದರೂ ಓದುವವನು ದಾರಿ ತಪ್ಪನು. ಇದೇ ಬಿಂದು. ಬೇಸರಕ್ಕೆ ಮುದ್ದಣನು ಕಂಡುಕೊಂಡ ಮದ್ದು ಅವನದೇ. ಪುರಾಣದಲ್ಲಿ ಶೇಷನು ವಾತ್ಸ್ಯಾಯನ ಮುನಿಗೆ ಕಥೆ ಹೇಳುವನು. ಮುದ್ದಣನು ಆ ಶೇಷನನ್ನೂ ಮುನಿಯನ್ನೂ ಎಬ್ಬಿಸಿ ಕಳುಹಿಸಿ, ಅವರ ಸ್ಥಾನದಲ್ಲಿ ಮಳೆಗಾಲದ ಒಂದು ಸಂಜೆ ಅರಮನೆಯಿಂದ ಮನೆಗೆ ಬಂದ ತನ್ನನ್ನೂ, ಕಥೆ ಹೇಳೆಂದು ಪೀಡಿಸುವ ಮಡದಿ ಮನೋರಮೆಯನ್ನೂ ಕುಳ್ಳಿರಿಸಿದನು. ಯಾವ ಕಥೆ ಬೇಕು, ಪದ್ಯವೋ ಗದ್ಯವೋ, ಸಂಸ್ಕೃತವೆಷ್ಟು ಕನ್ನಡವೆಷ್ಟು ಎಂಬುದನ್ನೆಲ್ಲ ಇಬ್ಬರೂ ಚರ್ಚಿಸಿಯೇ ಗ್ರಂಥವು ಆರಂಭವಾಗುವುದು. ಎಂದರೆ ಸಂವಿಧಾನದ ವಿಚಾರವನ್ನೇ ಅವನು ಕಥೆಯ ಒಳಗೆ ತಂದಿರುವನು! ಮುಂದೆಯೂ ವರ್ಣನೆಯು ಬೆಳೆದಾಗ ಅವಳು ನಡುವೆ ಬಾಯಿ ಹಾಕುವಳು, ನಗುವಳು, ಪ್ರಶ್ನಿಸುವಳು. ಕುದುರೆಯ ದಾರಿಯು ಪ್ರಸಂಗವಾದರೆ ಮನೋರಮೆಯೊಡನೆ ಆಡಿದ ಮಾತು ಅರ್ಥ. ಇಂದು ಓದುಗರು ಯುದ್ಧಗಳನ್ನು ಮರೆತರೂ ಮನೋರಮೆಯನ್ನು ಮರೆತಿಲ್ಲ.

ಅದೇ ಕಾಲದಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣ್ಯವಾದ ಈ ಗ್ರಂಥಕ್ಕೆ ಸದ್ಧರ್ಮ ವಿಜಯವೆಂದು ಇನ್ನೊಂದು ಹೆಸರು. ಪೋಲೀಸು ಅಧಿಕಾರಿಗಳಾಗಿದ್ದ ರಾಯರು ಫಲಾಗಮವನ್ನು ಶಿರೋನಾಮದಲ್ಲಿಯೇ ಬರೆದಿಟ್ಟು ಕಥೆಗೆ ಹೊರಟವರು. ಎಳೆಯ ವಯಸ್ಸಿನ ವಿಧವೆಯಾದ ಇಂದಿರೆಯು ಕಪಟ ಸನ್ಯಾಸಿಗಳ ಹಾವಳಿಯಿಂದ ತಪ್ಪಿಸಿಕೊಂಡು ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿತು ಭಾಸ್ಕರರಾಯನನ್ನು ಮದುವೆಯಾಗುವಳು. ಕೊನೆಯು ಮೊದಲೇ ನಿಶ್ಚಿತವಾದ ಕಾರಣ ಪಾತ್ರಗಳು ಕೆಲವೆಡೆ ಆ ಕೊನೆಯ ಆಳುಗಳಾಗುವುವು. ಸಜ್ಜನರು ಸಜ್ಜನರಾಗಿಯೇ, ದುರ್ಜನರು ದುರ್ಜನರಾಗಿಯೇ ನಡೆಯುವರು. ಆದರೆ ಊರಿನ ಆಡುಮಾತು, ಮನೆಯೊಳಗಿನ ಸಂಭಾಷಣೆ ಇವು ಬಂದ ಕಡೆಯಲ್ಲೆಲ್ಲ ಗ್ರಂಥವು ಜೀವ ತಳೆಯುವುದು. ಧರ್ಮಸಂಸ್ಥೆಗಳ ಒಳಗಿನ ದೋಷವನ್ನು ತೋರಿದ ಬೋಳಾರ ಬಾಬುರಾಯರ ವಾಗ್ದೇವಿಯು 1905ರಲ್ಲಿ ಬಂದಿತು. ಆ ತಲೆಮಾರಿಗೆ ಕಾದಂಬರಿಯು ಒಂದು ವಾದ. ವಾದಕ್ಕೆ ಸಿದ್ಧಾಂತವು ಮೊದಲೇ ಬೇಕಷ್ಟೆ.

1902ರಲ್ಲಿ ಕೋಟದಲ್ಲಿ ಹುಟ್ಟಿ 1997ರಲ್ಲಿ ಮಣಿಪಾಲದಲ್ಲಿ ದೇಹವನ್ನು ಬಿಟ್ಟ ಶಿವರಾಮ ಕಾರಂತರಲ್ಲಿ ಈ ಎರಡು ಧಾರೆಗಳೂ ಕೂಡಿದುವೆನ್ನಬಹುದು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದ ಅವರು ಕೊನೆಯ ದಶಕಗಳಲ್ಲಿ ತಾವು ಹೇಳುತ್ತ ಇನ್ನೊಬ್ಬರಿಂದ ಬರೆಸುತ್ತಿದ್ದರು. ಹೀಗೆ ಹೇಳಿ ಬರೆಸುವವನಿಗೆ ಕಥೆಯ ಪ್ರಸಂಗವು ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಅರ್ಥವು ನಾಲಗೆಯಲ್ಲಿ ಆಗ ಹುಟ್ಟಬೇಕು. ಯಕ್ಷಗಾನದಲ್ಲಿಯೇ ಮುಳುಗಿದ್ದ ಅವರಿಗೆ ಇದು ಸಹಜವಾಗಿತ್ತು.

1933ರ ಚೋಮನ ದುಡಿಯಲ್ಲಿ ಬೀಜವು ಒಂದೇ: ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಸೆ. ಬಿಂದುವು ದುಡಿ. ಸಾಲ, ರೋಗ, ಜಾತಿಯ ಕಟ್ಟು ಇವುಗಳಿಂದ ಅವನ ಮಕ್ಕಳು ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಿರಲು ಆ ದುಡಿಯು ಮತ್ತೆ ಮತ್ತೆ ನುಡಿಯುವುದು. ಕಡೆಗೆ ಅದನ್ನು ಬಾರಿಸುತ್ತಲೇ ಅವನ ಪ್ರಾಣವು ಹೋಗುವುದು. ಮರಳಿ ಮಣ್ಣಿಗೆಯದು ಇದಕ್ಕೆ ವಿರುದ್ಧವಾದ ವಿಸ್ತಾರ. ಕೋಡಿಯ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳೇ ಅಲ್ಲಿ ಸಂವಿಧಾನ. ಕಟ್ಟಿದವನು, ಕಳೆದವನು, ಮರಳಿದವನು ಎಂದು ಮೂರು ಮಾತಿನಲ್ಲಿ ಅದನ್ನು ಹೇಳಬಹುದು. ಆದರೆ ಆ ಮೂರು ಮಾತಿನ ಒಳಗೆ ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರ ದುಡಿಮೆಯೂ ಕಣ್ಣೀರೂ ತುಂಬಿ, ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವವರು ಅವರೇ. ಪಟ್ಟಿಯಲ್ಲಿ ಹೆಸರಿಲ್ಲದವರು ಗ್ರಂಥವನ್ನು ಹೊತ್ತಿರುವರು.

1968ರ ಮೂಕಜ್ಜಿಯ ಕನಸುಗಳಲ್ಲಿಯಂತೂ ಕಥೆಯೆಂಬುದು ಅತ್ಯಲ್ಪ. ಅಜ್ಜಿಯೊಬ್ಬಳು, ಮೊಮ್ಮಗ ಸುಬ್ಬರಾಯನೊಬ್ಬ. ಅವನು ಕೇಳುವನು, ಅವಳು ಹೇಳುವಳು. ಮುದ್ದಣ ಮನೋರಮೆಯರ ಚೌಕಟ್ಟೇ ಇಲ್ಲಿ ತಿರುಗಿ ಬಂದಿತೆಂದು ನನಗೆ ತೋರುವುದು. ಅಲ್ಲಿ ಗಂಡನು ಹೇಳಿ ಹೆಂಡತಿಯು ಕೇಳಿದಳು. ಇಲ್ಲಿ ಅಜ್ಜಿಯು ಹೇಳಿ ಮೊಮ್ಮಗನು ಕೇಳಿದನು. ಸಹಸ್ರಾರು ವರ್ಷಗಳ ಮನುಷ್ಯನ ನಂಬಿಕೆಗಳ ಚರಿತ್ರೆಯು ಈ ಸಣ್ಣ ಚೌಕಟ್ಟಿನಲ್ಲಿ ಅಡಗಿತು. ಈ ಕೃತಿಯ ಕೀರ್ತಿಯೊಂದಿಗೆ 1977ರ ಜ್ಞಾನಪೀಠ ಪ್ರಶಸ್ತಿಯು ಕಾರಂತರಿಗೆ ಬಂದಿತು.

ಇವೆಲ್ಲವನ್ನೂ ಒಟ್ಟುಗೂಡಿಸಿ ನೋಡಿದರೆ ನಮ್ಮ ಹಿರಿಯರ ಗ್ರಂಥಗಳಲ್ಲಿ ಸ್ಥಿರವಾಗಿ ಕಾಣುವುವು ಮೂರೇ ಸಂಗತಿಗಳು. ಯಾರು ಯಾರಿಗೆ ಹೇಳುತ್ತಿರುವರು ಎಂಬುದು ಒಂದು. ಎಳೆಯನ್ನು ಹಿಡಿದಿರುವ ಬಿಂದು ಯಾವುದು ಎಂಬುದು ಎರಡು. ಎಲ್ಲಿಗೆ ಹೋಗಿ ಸೇರಬೇಕು ಎಂಬುದು ಮೂರು. ಉಳಿದುದೆಲ್ಲವೂ ಬರೆಯುವಾಗ ಹುಟ್ಟತಕ್ಕ ಅರ್ಥ. ಐದು ಸಂಧಿಗಳು ಬೇಡವೆಂದಲ್ಲ. ಒಂದು ಬಾರಿ ಬರೆದು ಮುಗಿಸಿದ ಮೇಲೆ ಎಲ್ಲಿ ಸಡಿಲವಾಯಿತು, ಎಲ್ಲಿ ಅತಿಯಾಯಿತು ಎಂದು ಪರೀಕ್ಷಿಸಲು ಅವು ಒಳ್ಳೆಯ ಒರೆಗಲ್ಲು. ಒರೆಗಲ್ಲನ್ನು ಚಿನ್ನವೆಂದು ಕೊಟ್ಟುದು ನನ್ನ ಅಪರಾಧ.

ಮೊನ್ನೆ ಆ ವಿದ್ಯಾರ್ಥಿಯನ್ನು ಕರೆಸಿ ಎರಡು ಪುಸ್ತಕಗಳನ್ನೂ ಹಿಂದಕ್ಕೆ ಕೊಟ್ಟು, “ನನ್ನ ಮಾತಿನಿಂದ ನಿನ್ನ ಇಷ್ಟು ವರ್ಷಗಳು ಹೋದುವು. ಇವನ್ನು ಕಪಾಟಿನಲ್ಲಿಡು. ಅಜ್ಜಿ ನಿನ್ನೊಡನೆ ಎಲ್ಲಿ ಕುಳಿತು ಮಾತನಾಡುತ್ತಿದ್ದಳು, ಅಲ್ಲಿಂದ ಆರಂಭಿಸು” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾವಿಕಟ್ಟೆಯ ಹತ್ತಿರ, ಮಾಷ್ಟ್ರೇ. ಮೀನು ಮಾರುವವಳು ಬರುವುದನ್ನು ಕಾಯುತ್ತ” ಎಂದನು. ಆ ಎರಡು ದಪ್ಪ ಪುಸ್ತಕಗಳನ್ನು ನಾನು ಮೊದಲಿನಿಂದ ಕಡೆಯವರೆಗೆ ಓದಿದ್ದೆನು. ಬಾವಿಕಟ್ಟೆಯ ಹೆಸರು ಅವುಗಳಲ್ಲಿ ಒಂದು ಕಡೆಯೂ ಇರಲಿಲ್ಲ.

ವಾಚಕರ ಮನೆಗಳಲ್ಲಿಯೂ ಇಂತಹ ಅಜ್ಜಿಯರು ಇರಬಹುದು. ಅವರ ಮಾತನ್ನು ಇಂದೇ ಬರೆದಿಟ್ಟುಕೊಳ್ಳಲಿ. ಸಂವಿಧಾನವನ್ನು ಆ ಮೇಲೆ ನೋಡಿಕೊಳ್ಳಬಹುದು.