ತಟ್ಟೆಯ ಹಿಂದೆ ಊರೂರು ಅಲೆದವರು

ಗಾಲ್ಫ್ ಶ್ರೀಮಂತರ ಆಟ ಎಂಬ ಮಾತು ಹಳೆಯದು. ಅದರ ದಾಯಾದಿಯಂತಿರುವ ಡಿಸ್ಕ್ ಗಾಲ್ಫ್‌ನ ಕತೆಯೇ ಬೇರೆ. ಇಲ್ಲಿ ಚೆಂಡಿಲ್ಲ, ಕೋಲಿಲ್ಲ, ಕುಳಿಯೂ ಇಲ್ಲ. ಸುಮಾರು 21 ಸೆಂ.ಮೀ. ಅಗಲದ ಪ್ಲಾಸ್ಟಿಕ್ ತಟ್ಟೆಯನ್ನು ಬೀಸಿ ಎಸೆದು, ಸರಪಣಿಗಳು ಇಳಿಬಿದ್ದ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗಳು. ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರೇ ಗೆದ್ದಂತೆ.

ಅಮೆರಿಕದಲ್ಲಿ ಈ ಆಟದ ಬಹುಪಾಲು ಅಂಕಣಗಳು ಸಾರ್ವಜನಿಕ ಉದ್ಯಾನಗಳಲ್ಲಿವೆ. ಹೆಚ್ಚಿನ ಕಡೆ ಆಡಲು ಕಾಸು ಕೊಡಬೇಕಾಗಿಲ್ಲ. ಆದರೆ ಇದನ್ನೇ ಕಸುಬಾಗಿ ಹಿಡಿದ ಎಷ್ಟೋ ಮಂದಿಗೆ ಮನೆಯೆಂಬುದು ನಾಲ್ಕು ಚಕ್ರಗಳ ಮೇಲೆಯೇ ಇತ್ತು. ಪುಕ್ಕಟೆಯಾಗಿ ಆಡಬಹುದಾದ ಆಟವೊಂದು ಆಟಗಾರನ ಹೊಟ್ಟೆ ಹೊರೆಯುವುದು ಹೇಗೆ? ಸುಮಾರು ಐವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಮೂರು ಬಗೆಯ ಉತ್ತರ ಸಿಕ್ಕಿದೆ.

ಕಾರಿನ ಆಕರ್ಷಣೆ

ಫ್ರೆಡ್ ಮಾರಿಸನ್ ರೂಪಿಸಿದ ಹಾರುವ ತಟ್ಟೆಯನ್ನು ಕ್ಯಾಲಿಫೋರ್ನಿಯದ ವ್ಯಾಮ್-ಓ ಆಟಿಕೆ ಕಂಪೆನಿ 1957ರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಫ್ರಿಸ್ಬಿ. ಕಂಪೆನಿಯ ಉದ್ಯೋಗಿ ಎಡ್ ಹೆಡ್ರಿಕ್ ಅದು ಅಲುಗಾಡದೆ ನೇರವಾಗಿ ಹಾರುವಂತೆ ತಿದ್ದಿ, 1967ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಗೆ ಆಟಿಕೆ ಆಟದ ಸಲಕರಣೆಯಾಯಿತು.

ಇತ್ತ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜಿಮ್ ಪಾಲ್ಮೆರಿ ಮತ್ತು ಗೆಳೆಯರು ತಮ್ಮ ಪಾಡಿಗೆ ತಾವು ಫ್ರಿಸ್ಬಿ ಗಾಲ್ಫ್ ಆಡಿಕೊಂಡಿದ್ದರು. ಬೇರೆ ಊರುಗಳಲ್ಲಿ ಇದನ್ನು ಆಡುವವರು ಇದ್ದಾರೆಯೇ ಎಂಬ ಕುತೂಹಲ ಅವರಿಗೆ. 1974ರಲ್ಲಿ ಅವರು ಪಂದ್ಯ ಏರ್ಪಡಿಸಿ, ಬಹುಮಾನಕ್ಕೆ ಹೊಸ ಡಾಟ್ಸನ್ ಕಾರನ್ನೇ ಇಟ್ಟರು. ಆಟಗಾರರು ದೂರದೂರುಗಳಿಂದ ಬಂದರು. ಕಾರು ಗೆದ್ದವರು ಡ್ಯಾನ್ ರಾಡಿಕ್. ಅಲೆಮಾರಿ ಆಟಗಾರನ ಕತೆಗೆ ಇದೇ ನಾಂದಿ ಎನ್ನಬಹುದು.

ಮರುವರ್ಷ ಹೆಡ್ರಿಕ್ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಅಂಕಣ ಹಾಕಿಸಿದರು. ಆಗ ಗುರಿಯಾಗಿದ್ದದ್ದು ಬರಿಯ ಕಂಬ. ತಟ್ಟೆ ತಾಗಿತೋ ಇಲ್ಲವೋ ಎಂಬ ತಕರಾರಿಗೆ ಕೊನೆಯಿಲ್ಲ. ಸರಪಣಿಯ ಬುಟ್ಟಿ ಹುಟ್ಟಿದ್ದು ಈ ಜಗಳ ಬಗೆಹರಿಸಲೆಂದು. 1976ರಲ್ಲಿ ಅವರು ವೃತ್ತಿಪರ ಆಟಗಾರರ ಸಂಘ ಸ್ಥಾಪಿಸಿದರು. ಒಂದನೇ ನಂಬರಿನ ಸದಸ್ಯ ಅವರೇ. 1979ರಲ್ಲಿ ಹಂಟಿಂಗ್ಟನ್ ಬೀಚ್‌ನಲ್ಲಿ ವ್ಯಾಮ್-ಓ 50,000 ಡಾಲರ್ ಬಹುಮಾನದ ಪಂದ್ಯ ನಡೆಸಿದಾಗ, ಇನ್ನು ಈ ಆಟವನ್ನೇ ನಂಬಿ ಬದುಕಬಹುದು ಎಂದು ಹಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ತಮ್ಮದೇ ದುಡ್ಡು

ಆದರೆ ಆಟಿಕೆ ಕಂಪೆನಿಯ ಉತ್ಸಾಹ ಬಹುಕಾಲ ಉಳಿಯಲಿಲ್ಲ. 1980ರ ದಶಕದ ಆರಂಭದಲ್ಲಿ ಹೆಡ್ರಿಕ್ ಸಂಘದ ಆಡಳಿತವನ್ನು ಆಟಗಾರರ ಕೈಗೇ ಒಪ್ಪಿಸಿದರು. ಪ್ರಾಯೋಜಕರು ಇಲ್ಲದಿದ್ದರೆ ಬಹುಮಾನ ಎಲ್ಲಿಂದ ಬರಬೇಕು? ಆಟಗಾರರ ಪ್ರವೇಶ ಶುಲ್ಕದಿಂದಲೇ. ನೂರು ಮಂದಿ ತಲಾ 100 ಡಾಲರ್ ಕಟ್ಟಿದರು ಎನ್ನಿ. ಸೇರುವ 10,000 ಡಾಲರ್‌ನಲ್ಲಿ ಗೆದ್ದವರಿಗೆ ದೊಡ್ಡ ಪಾಲು, ನಂತರದವರಿಗೆ ಇಳಿಯುತ್ತಾ ಹೋಗುವ ಪಾಲು. ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಮಂದಿಗೆ ಬರಿಗೈ. ಅಂದರೆ ಸೋತವರ ದುಡ್ಡಿನಿಂದ ಗೆದ್ದವರ ಪೆಟ್ರೋಲು.

ಈ ಲೆಕ್ಕದಲ್ಲಿ ಹೆಚ್ಚು ಪೆಟ್ಟು ತಿಂದವರು ಮಹಿಳೆಯರು. ಅವರ ವಿಭಾಗದಲ್ಲಿ ಸ್ಪರ್ಧಿಗಳು ಕಡಿಮೆ, ಹೀಗಾಗಿ ಬಹುಮಾನದ ಗಂಟೂ ಚಿಕ್ಕದು. ರಸ್ತೆಯ ಖರ್ಚು ಮಾತ್ರ ಎಲ್ಲರಿಗೂ ಒಂದೇ. ಹಾಗಿದ್ದೂ ಜೂಲಿಯಾನಾ ಕಾರ್ವರ್ 1998ರಿಂದ 2003ರ ನಡುವೆ ಐದು ಬಾರಿ ವಿಶ್ವ ಚಾಂಪಿಯನ್ ಆದರು. ಪುರುಷರಲ್ಲಿ ಫ್ಲೋರಿಡಾದ ಕೆನ್ ಕ್ಲೈಮೊ 1990ರಿಂದ 1998ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದರು, ಒಟ್ಟು ಹನ್ನೆರಡು. ಹೊರಜಗತ್ತಿಗೆ ಅವರ ಹೆಸರೇ ಗೊತ್ತಿರಲಿಲ್ಲ.

ತಿರುಗಾಟದ ಕ್ರಮವೂ ಆಗಲೇ ರೂಢಿಯಾಯಿತು. ಭಾನುವಾರ ಪಂದ್ಯ ಮುಗಿದರೆ ಸೋಮವಾರ ಪ್ರಯಾಣ. ವಾರದ ನಡುವೆ ಹೊಸ ಊರಿನ ಅಂಕಣದಲ್ಲಿ ಅಭ್ಯಾಸ. ಸಂಜೆ ಸ್ಥಳೀಯರಿಗೆ ಎಸೆತದ ಪಾಠ ಹೇಳಿ ಒಂದಿಷ್ಟು ಸಂಪಾದನೆ, ಕಾರಿನ ಡಿಕ್ಕಿ ತೆರೆದು ತಟ್ಟೆಗಳ ಮಾರಾಟ. ರಾತ್ರಿಗೆ ಆ ಊರಿನ ಆಟಗಾರರ ಮನೆಯ ಸೋಫಾ, ಇಲ್ಲವೇ ತಮ್ಮದೇ ವ್ಯಾನು. ಊರೂರಿನ ಆಟಗಾರರು ಹೀಗೆ ಬಾಗಿಲು ತೆರೆದಿರದಿದ್ದರೆ ಈ ತಿರುಗಾಟ ಎಂದೋ ನಿಂತುಹೋಗುತ್ತಿತ್ತು.

ಕ್ಯಾಮೆರಾ ಬಂದ ಮೇಲೆ

ಮೂರನೆಯ ಉತ್ತರ ಬಂದದ್ದು ಯೂಟ್ಯೂಬ್‌ನಿಂದ. ದೂರದರ್ಶನ ವಾಹಿನಿಗಳು ಕಣ್ಣೆತ್ತಿ ನೋಡದ ಪಂದ್ಯಗಳನ್ನು ಆಟದ ಅಭಿಮಾನಿಗಳೇ ಚಿತ್ರೀಕರಿಸಿ, ವೀಕ್ಷಕ ವಿವರಣೆ ಸೇರಿಸಿ, ಮರುದಿನವೇ ತೋರಿಸತೊಡಗಿದರು. 2016ರಲ್ಲಿ ಡಿಸ್ಕ್ ಗಾಲ್ಫ್ ಪ್ರೊ ಟೂರ್ ಆರಂಭವಾಯಿತು. ಅದರ ಸ್ಥಾಪಕ ಸ್ಟೀವ್ ಡಾಜ್. ಮ್ಯಾಸಚೂಸೆಟ್ಸ್‌ನಲ್ಲಿ ಕ್ರಿಸ್‌ಮಸ್ ಮರ ಬೆಳೆಯುವ ತೋಟದೊಳಗೆ ಹೆಸರಾಂತ ಮೇಪಲ್ ಹಿಲ್ ಅಂಕಣವನ್ನು ರೂಪಿಸಿದವರೂ ಅವರೇ.

ಮುಖ ಪರಿಚಯವಾದ ಮೇಲೆ ಹೆಸರಿಗೂ ಬೆಲೆ ಬಂತು. ಆಟಗಾರನ ಹೆಸರು ಅಚ್ಚೊತ್ತಿದ ತಟ್ಟೆಗಳು ಮಾರಾಟವಾದಂತೆ ತಯಾರಕರು ಅವನಿಗೆ ಪಾಲು ಕೊಡತೊಡಗಿದರು. 2020ರ ಕೋವಿಡ್ ಕಾಲದಲ್ಲಿ ಜನ ಬಯಲಿನ ಆಟ ಹುಡುಕಿಕೊಂಡು ಉದ್ಯಾನಗಳಿಗೆ ಬಂದರು. ತಟ್ಟೆಗಳ ಅಭಾವವೇ ತಲೆದೋರಿತು. 2021ರಲ್ಲಿ ಪಾಲ್ ಮ್ಯಾಕ್‌ಬೆತ್ ಡಿಸ್ಕ್‌ಕ್ರಾಫ್ಟ್ ಕಂಪೆನಿಯೊಂದಿಗೆ 10 ವರ್ಷಕ್ಕೆ 1 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ಯೂಟಾ ರಾಜ್ಯದಲ್ಲಿ ನಡೆದ ವಿಶ್ವ ಪಂದ್ಯದ ಕೊನೆಯ ಬುಟ್ಟಿಗೆ ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಎಸೆದು, ಮ್ಯಾಕ್‌ಬೆತ್ ಅವರನ್ನು ಸರಿಗಟ್ಟಿ, ನಂತರ ಪ್ರಶಸ್ತಿಯನ್ನೂ ಗೆದ್ದರು. ಆಟದ ಪರಿಚಯವೇ ಇಲ್ಲದವರೂ ಆ ದೃಶ್ಯ ನೋಡಿದರು.

ಹಾಗೆಂದು ರಸ್ತೆಯ ಬದುಕು ಮುಗಿಯಲಿಲ್ಲ. ಪ್ರೊ ಟೂರ್ ಲಾಸ್ ವೇಗಸ್‌ನಿಂದ ಹೊರಟ ವರ್ಷಗಳಲ್ಲಿ ಮುಂದಿನ ನಿಲ್ದಾಣವಾದ ಟೆಕ್ಸಾಸ್‌ನ ವೇಕೊಗೆ ಸುಮಾರು 2,000 ಕಿ.ಮೀ. ಹಾದಿ. ಅಲ್ಲಿಂದ ಕಾನ್ಸಾಸ್, ಆರೆಗಾನ್, ಮಿನೆಸೋಟ ಸುತ್ತಿ ಅಕ್ಟೋಬರ್‌ಗೆ ದಕ್ಷಿಣ ಕೆರೊಲಿನಾ ಮುಟ್ಟಬೇಕು. 2022 ಮತ್ತು 2023ರ ವಿಶ್ವ ಚಾಂಪಿಯನ್ ಕ್ರಿಸ್ಟಿನ್ ಟಾಟ್ಟರ್ ಎಸ್ಟೋನಿಯಾದವರು. ಯೂರೋಪಿನ ಇಂಥ ಆಟಗಾರರಿಗೆ ಇದು ಸಮುದ್ರ ದಾಟಿ, ಮನೆಮಂದಿಯನ್ನು ಬಿಟ್ಟು ಬರುವ ಮಾತು. ಕೋಟಿಯ ಒಪ್ಪಂದ ಒಬ್ಬರಿಗೆ. ಪಟ್ಟಿಯ ಕೆಳಗಿನವರಿಗೆ ಈ ವಾರದ ಬಹುಮಾನವೇ ಮುಂದಿನ ವಾರದ ದಾರಿಖರ್ಚು.

ಹೆಡ್ರಿಕ್ 2002ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ತಟ್ಟೆಗಳನ್ನು ಮಾಡಲಾಯಿತು. ಈ ಆಟವನ್ನು ಕಂಪೆನಿ ಕೈಬಿಟ್ಟರೂ ಆಟಗಾರರು ಬಿಡಲಿಲ್ಲ. ತಮ್ಮ ಜೇಬಿನ ದುಡ್ಡು ಹಾಕಿ, ಒಬ್ಬರ ಮನೆಯಲ್ಲಿ ಒಬ್ಬರು ಮಲಗಿ, ಕ್ಯಾಮೆರಾ ಬರುವವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಉಳಿಸಿಕೊಂಡರು.