ಶಿರಾ ಕೋಟೆ

ಶಿರಾ ಕೋಟೆಯು ತುಮಕೂರು ಜಿಲ್ಲೆಯ ಶಿರಾ ಪಟ್ಟಣದಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಗೆ ಈಶಾನ್ಯದಲ್ಲಿರುವ ಪಾಳುಬಿದ್ದ ಕೋಟೆ. ಇದರ ನಿರ್ಮಾಣವನ್ನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕನು ಆರಂಭಿಸಿದನು. ಕೆಲಸ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಶಿರಾವನ್ನು ವಶಪಡಿಸಿಕೊಂಡನು. 1687ರಲ್ಲಿ ಮೊಗಲರ ಕೈಸೇರಿ ಸುಬಾದ ರಾಜಧಾನಿಯಾಯಿತು. ಸುಬೇದಾರ ದಿಲಾವರ್ ಖಾನನ ಕಾಲವೇ ಪಟ್ಟಣದ ಏಳಿಗೆಯ ಕಾಲ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅವನ ಅರಮನೆಯೇ ಮಾದರಿಯಾಯಿತೆನ್ನಲಾಗಿದೆ.

1757ರ ಬಳಿಕ ಕೋಟೆಯು ಮರಾಠರು ಮತ್ತು ಹೈದರ್ ಅಲಿಯ ನಡುವೆ ಕೈಬದಲಾಗುತ್ತ, 1774ರಲ್ಲಿ ಟಿಪ್ಪುವಿನ ದಂಡಯಾತ್ರೆಯಿಂದ ಮೈಸೂರಿಗೆ ಮರಳಿತು. ಆದರೆ ಊರು ಬಡವಾದದ್ದು ಮುತ್ತಿಗೆಗಳಿಂದ ಮಾತ್ರವಲ್ಲ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ನೆಲೆಗೊಳಿಸಲು ಟಿಪ್ಪು ಸುಲ್ತಾನನು ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರ್ ಹೇಳುತ್ತದೆ.

ಅರಮನೆಯು ಹಾಳಾಗಿದೆ, ಕೋಟೆಯ ಕಲ್ಲಿನ ಗೋಡೆ, ಕಂದಕಗಳ ಭಾಗಗಳು ಉಳಿದಿವೆ. ಹಳೆಯ ಶಿರಾದ ಕಟ್ಟಡಕಲೆಯನ್ನು ತಿಳಿಯಲು ಕೋಟೆಗಿಂತ 1651ರ ಮಲಿಕ್ ರಿಹಾನನ ಗೋರಿ ಮತ್ತು 1696ರ ಜುಮ್ಮಾ ಮಸೀದಿಗಳೇ ಹೆಚ್ಚು ನೆರವಾಗುತ್ತವೆ.