ಚೌಡಿಕೆ

ಚೌಡಿಕೆಯು ಉತ್ತರ ಕರ್ನಾಟಕದ ಏಕತಂತಿ ಜನಪದ ವಾದ್ಯ. ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದಿರುವ ರೇಣುಕಾ-ಯಲ್ಲಮ್ಮ ಪರಂಪರೆಯಲ್ಲಿ ಜೋಗತಿಯರೂ ಜೋಗಪ್ಪಗಳೂ ಇದನ್ನು ನುಡಿಸುತ್ತ ಹಾಡುತ್ತಾರೆ. ಈ ಹಾಡುಗಳಿಗೆ ಚೌಡಿಕೆ ಪದಗಳೆಂದು ಹೆಸರು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದ ಹಳ್ಳಿಗಳಲ್ಲಿಯೂ ಗಡಿಯಾಚೆಯ ಮಹಾರಾಷ್ಟ್ರದ ಕೊಲ್ಹಾಪುರ ಸೀಮೆಯಲ್ಲಿಯೂ ಈ ವಾದ್ಯ ಪರಿಚಿತ. ಮರಾಠಿಯಲ್ಲಿ ಇದನ್ನು ಚೌಂಡಕೆ ಎನ್ನುವರು.

ರಚನೆ

ಚೌಡಿಕೆಯ ಒಡಲು ಧಾನ್ಯ ಅಳೆಯುವ ಕೊಳಗದಂತೆ ದುಂಡಾಗಿದ್ದು ಒಳಗೆ ಟೊಳ್ಳಾಗಿರುತ್ತದೆ. ಸಾಮಾನ್ಯವಾಗಿ ಮರದಿಂದ, ಕೆಲವೆಡೆ ಲೋಹದಿಂದ ಮಾಡುವರು. ಒಂದು ಬಾಯಿಗೆ ಚರ್ಮವನ್ನು ಬಿಗಿದು ಇನ್ನೊಂದನ್ನು ತೆರೆದೇ ಬಿಡುತ್ತಾರೆ. ಒಡಲಿನ ಪಕ್ಕಕ್ಕೆ ಒಂದು ಕೋಲನ್ನು ಜೋಡಿಸಿ, ಅದರ ತುದಿಯಲ್ಲಿ ಬಿರಡೆಯನ್ನು ಕೂರಿಸುವರು. ಚರ್ಮದ ನಡುವೆ ಸಣ್ಣ ರಂಧ್ರ ಮಾಡಿ, ಹೊರಮೈಯಲ್ಲಿ ತಂತಿಯ ಗಂಟಿಗೆ ಚಿಕ್ಕ ಬಿಲ್ಲೆಯನ್ನು ಆಸರೆಯಾಗಿ ಕೊಟ್ಟು, ತಂತಿಯನ್ನು ಒಡಲಿನೊಳಗಿನಿಂದ ಮೇಲಕ್ಕೆ ತಂದು ಬಿರಡೆಗೆ ಸುತ್ತುತ್ತಾರೆ. ಬಿಲ್ಲೆ ಇಲ್ಲದಿದ್ದರೆ ಬಿಗಿತಕ್ಕೆ ಗಂಟು ಚರ್ಮವನ್ನು ಹರಿದುಕೊಂಡು ಒಳಗೆ ಜಾರುತ್ತದೆ. ಹಿಂದೆ ಪ್ರಾಣಿಯ ನರವನ್ನೇ ತಂತಿಯಾಗಿ ಬಳಸುತ್ತಿದ್ದರು. ಈಗ ಲೋಹದ ತಂತಿಯೂ ಬಳಕೆಯಲ್ಲಿದೆ.

ಶ್ರುತಿಗೂಡಿಸುವಿಕೆ

ಕಾಶ್ಮೀರದ ಸಂತೂರ್‌ನಂಥ ಬಡಿಗೆವಾದ್ಯದಲ್ಲಿ ಸುಮಾರು 100 ತಂತಿಗಳಿದ್ದು, ಅವೆಲ್ಲವನ್ನೂ ಕಛೇರಿಗೆ ಮೊದಲೇ ಒಂದೊಂದಾಗಿ ಸ್ವರಕ್ಕೆ ಕೂಡಿಸಬೇಕು. ಚೌಡಿಕೆಗೆ ಇರುವುದು ಒಂದೇ ತಂತಿ. ಆದರೂ ಇದನ್ನು ಸುಲಭವೆನ್ನಲಾಗದು. ಇಲ್ಲಿ ಶ್ರುತಿಯ ಕೆಲಸ ಹಾಡು ಮುಗಿಯುವವರೆಗೂ ಮುಗಿಯುವುದಿಲ್ಲ.

ಮೊದಲ ಹಂತ ಚರ್ಮದ್ದು. ಚರ್ಮವು ಗಾಳಿಯಲ್ಲಿನ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ. ತಂತಿಯ ಒಂದು ತುದಿ ಚರ್ಮದಲ್ಲಿಯೇ ನೆಲೆಗೊಂಡಿರುವುದರಿಂದ ಚರ್ಮ ಸಡಿಲಾದರೆ ತಂತಿಯೂ ಸಡಿಲಾಗಿ ಸ್ವರ ಇಳಿಯುತ್ತದೆ, ನಾದವೂ ಮಂಕಾಗುತ್ತದೆ. ಬಿರಡೆಯನ್ನು ಎಷ್ಟು ತಿರುವಿದರೂ ಈ ಮಂಕು ಹೋಗದು. ಆದ್ದರಿಂದ ಮಳೆಗಾಲದಲ್ಲಿ ವಾದ್ಯವನ್ನು ಬೆಂಕಿಯ ಹದವಾದ ಕಾವಿಗೆ ಹಿಡಿದು ಚರ್ಮ ಬಿಗಿದುಕೊಂಡ ಮೇಲೆಯೇ ಬಿರಡೆಗೆ ಕೈ ಹಚ್ಚಬೇಕು. ಮೊದಲು ತಂತಿ ಬಿಗಿದು ಆಮೇಲೆ ಕಾಯಿಸಿದರೆ ಎರಡರ ಬಿಗಿತವೂ ಸೇರಿ ತಂತಿ ಹರಿಯಬಹುದು, ಇಲ್ಲವೇ ಚರ್ಮ ಸೀಳಬಹುದು.

ಎರಡನೆಯದು ಆಧಾರ ಸ್ವರ. ಚೌಡಿಕೆಗೆ ಗೊತ್ತುಪಡಿಸಿದ ಶ್ರುತಿಯಿಲ್ಲ. ಮುಖ್ಯ ಹಾಡುಗಾರರ ಕಂಠವೇ ಅಳತೆಗೋಲು. ಅವರು ಹಾಡುವ ಷಡ್ಜಕ್ಕೆ ಬಿರಡೆಯನ್ನು ಸ್ವಲ್ಪ ಸ್ವಲ್ಪವೇ ತಿರುವಿ, ಪ್ರತಿ ಬಾರಿಯೂ ತಂತಿಯನ್ನು ಮೀಟಿ ನೋಡುವರು. ಹೊಸ ತಂತಿಯು ಹಿಗ್ಗುತ್ತಲೇ ಇರುವುದರಿಂದ ಅದನ್ನು ಹಲವು ಸಲ ಬಿಗಿಯಬೇಕಾಗುತ್ತದೆ.

ಮೂರನೆಯದು ನುಡಿಸುವಾಗಿನ ಹಿಡಿತ. ಒಡಲನ್ನು ಎಡ ಕಂಕುಳಲ್ಲಿ ಅವುಚಿಕೊಂಡು ಬಲಗೈಯಿಂದ ತಂತಿಯನ್ನು ಮೀಟುವಾಗ ಎಡಗೈ ತಂತಿಯ ಬಿಗಿತವನ್ನು ಏರಿಳಿಸುತ್ತದೆ. ತಂತಿಯ ಸ್ವರವು ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದು ಭೌತವಿಜ್ಞಾನದ ನಿಯಮ. ಒಂದು ಸ್ಥಾಯಿಯಷ್ಟು ಮೇಲೇರಲು ಬಿಗಿತವು 4 ಪಟ್ಟಾಗಬೇಕು. 2 ಪಟ್ಟಾದರೆ ಅರ್ಧ ಸ್ಥಾಯಿ ಮಾತ್ರ ಏರುತ್ತದೆ. ಚರ್ಮವು ಬಾಗುವ ಗುಣವುಳ್ಳದ್ದಾದ್ದರಿಂದ ಸ್ವರವು ಮೆಟ್ಟಿಲು ಹತ್ತಿದಂತೆ ಏರದೆ ಜಾರುತ್ತ ಏರುತ್ತದೆ. ಚೌಡಿಕೆಗೆ ಮಾತನಾಡುವಂಥ ದನಿ ಬಂದಿರುವುದು ಇದರಿಂದಲೇ. ಬಿರಡೆಯನ್ನು ಅತಿಯಾಗಿ ಬಿಗಿದರೆ ಈ ಜಾರುವಿಕೆಗೆ ಎಡೆಯೇ ಉಳಿಯದು.

ತುಂತುಣಿಯೊಡನೆ ಸಂಬಂಧ

ರಚನೆಯಲ್ಲಿ ತುಂತುಣಿಯು ಚೌಡಿಕೆಗೆ ಒಡಹುಟ್ಟಿನಂತಿದೆ. ಸಂಗೊಳ್ಳಿ ರಾಯಣ್ಣ, ಕಿತ್ತೂರು ಚೆನ್ನಮ್ಮರ ಕಥೆ ಹೇಳುವ ಗೀಗೀ ಮೇಳಗಳಲ್ಲಿ ದಪ್ಪಿನ ಜೊತೆಗೆ ಕೇಳಿಬರುವುದು ತುಂತುಣಿಯೇ. ಅದನ್ನು ಒಮ್ಮೆ ಶ್ರುತಿಗೂಡಿಸಿದರೆ ಅದೇ ಸ್ವರದಲ್ಲಿ ಮಿಡಿಯುತ್ತಿರುತ್ತದೆ. ಚೌಡಿಕೆ ಮೇಳದಲ್ಲಿಯೂ ಇಂಥದೇ ಶ್ರುತಿವಾದ್ಯವೂ ತಾಳವೂ ಇರುತ್ತವೆ. ಎಡಗೈ ಏರಿಳಿಸಿದ ಚೌಡಿಕೆಯು ಮರಳಿ ಬರಬೇಕಾದ ನೆಲೆಯನ್ನು ಶ್ರುತಿವಾದ್ಯ ತೋರಿಸುತ್ತದೆ. ಎರಡೂ ಒಂದಕ್ಕೊಂದು ಕೂಡದಿದ್ದರೆ ಉಳಿದುದೆಲ್ಲ ಸರಿಯಿದ್ದರೂ ಮೇಳ ಕೆಡುತ್ತದೆ.

ಐತಿಹ್ಯ

ಪರಶುರಾಮನು ಶತ್ರುವನ್ನು ಸಂಹರಿಸಿ ಅವನ ದೇಹದಿಂದ ಒಡಲು, ಚರ್ಮದಿಂದ ಹೊದಿಕೆ, ನರದಿಂದ ತಂತಿ ಮಾಡಿ ತಾಯಿ ರೇಣುಕೆಯ ಮುಂದೆ ನುಡಿಸಿದನೆಂಬುದು ವಾದ್ಯದ ಹುಟ್ಟಿನ ಕಥೆ. ಆ ಶತ್ರುವು ಕಾರ್ತವೀರ್ಯಾರ್ಜುನನೆಂದು ಕೆಲವರೂ, ದೈತ್ಯನೊಬ್ಬನೆಂದು ಕೆಲವರೂ ಹೇಳುವರು.

ಇಂದಿನ ಸ್ಥಿತಿ

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಜಾತ್ರೆಯಲ್ಲಿ ಗುಡ್ಡದ ಮೇಲೆ ಚೌಡಿಕೆಯ ನಾದ ಇಂದಿಗೂ ಕೇಳಿಬರುತ್ತದೆ. ಆದರೆ ಈ ಕಲೆಯು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ದಾರಿ ಬಹುಮಟ್ಟಿಗೆ ಮುತ್ತು ಕಟ್ಟುವ ಪದ್ಧತಿಯದು. ಎಳೆಯ ಹೆಣ್ಣುಮಕ್ಕಳ ಬಾಳನ್ನು ಹಾಳುಗೆಡವಿದ ಆ ಪದ್ಧತಿಯನ್ನು ಕರ್ನಾಟಕ ಸರ್ಕಾರವು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಿಂದ ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ವಾದ್ಯವನ್ನು ಆ ಪದ್ಧತಿಯಿಂದ ಬಿಡಿಸಿ ಕಲೆಯಾಗಿ ಕಲಿಸುವ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಜೋಗತಿ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಪಡೆದುದು ಈ ಪರಂಪರೆಗೆ ಸಾರ್ವಜನಿಕ ಗೌರವ ತಂದಿತು. ವೇದಿಕೆಯ ಮೇಲೆ ಹಾರ್ಮೋನಿಯಂ ಜೊತೆಗೂಡಿದಾಗ ಕಂಠಕ್ಕೆ ಬದಲಾಗಿ ಅದರ ಸ್ಥಿರ ಸ್ವರಕ್ಕೇ ಚೌಡಿಕೆಯನ್ನು ಕೂಡಿಸಬೇಕಾಗುತ್ತದೆ. ಬಿರಡೆ ತಿರುವುವುದನ್ನು ಯಾರೂ ಬೇಗ ಕಲಿಯಬಹುದು. ಎಡಗೈಯ ಹದವನ್ನು ಮಾತ್ರ ಹಿರಿಯ ಹಾಡುಗಾರರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.